ಗ್ರೇಟ್ ಬ್ಯಾರಿಯರ್ ರೀಫ್‌ನ ‘ಅರ್ಧ’: ಒಂದೇ ಮಾತಿನ ನಾಲ್ಕು ಮೂಲಗಳು

1. ವಿಷಯ

ಆಸ್ಟ್ರೇಲಿಯದ ಈಶಾನ್ಯ ಕರಾವಳಿಗುಂಟ ಸುಮಾರು 2,300 ಕಿಲೊಮೀಟರ್ ಉದ್ದಕ್ಕೆ ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ‘ಅರ್ಧದಷ್ಟು ಹವಳ ಸತ್ತುಹೋಗಿದೆ’ ಎಂಬ ಮಾತು 2012ರಿಂದೀಚೆಗೆ ಪತ್ರಿಕೆಗಳಲ್ಲೂ ಭಾಷಣಗಳಲ್ಲೂ ಮತ್ತೆ ಮತ್ತೆ ಕಾಣಿಸುತ್ತದೆ. ಈ ಟಿಪ್ಪಣಿ ಎತ್ತಿಕೊಳ್ಳುವ ಪ್ರಶ್ನೆ ಒಂದೇ: ಯಾವುದರ ಅರ್ಧ?

ನೋಡಿದ ಮಟ್ಟಿಗೆ ಈ ಮಾತಿಗೆ ಕನಿಷ್ಠ ನಾಲ್ಕು ಬೇರೆ ಬೇರೆ ಮೂಲಗಳಿವೆ. ನಾಲ್ಕರ ಕಾಲಾವಧಿ ಒಂದಲ್ಲ, ಎಣಿಸಿದ ವಸ್ತು ಒಂದಲ್ಲ, ಕೆಲವೆಡೆ ಪ್ರದೇಶವೂ ಒಂದಲ್ಲ. ಸಂಖ್ಯೆ ಮಾತ್ರ ಶೇ 50ರ ಆಸುಪಾಸಿನಲ್ಲಿ ಬಂದು ನಿಂತಿದೆ. ಇದು ಆಕಸ್ಮಿಕವೆಂದೇ ತೋರುತ್ತದೆ. ಆದರೆ ಈ ಆಕಸ್ಮಿಕದಿಂದಾಗಿ ನಾಲ್ಕು ಹೇಳಿಕೆಗಳು ಓದುಗರ ಮನಸ್ಸಿನಲ್ಲಿ ಒಂದಾಗಿ ಕೂತಿವೆ. ಹವಳಗಳ ಸ್ಥಿತಿ ಗಂಭೀರವೇ ಅಲ್ಲವೇ ಎಂಬ ಚರ್ಚೆ ಇಲ್ಲಿಯದಲ್ಲ. ಆ ವಿಷಯದಲ್ಲಿ ನಾಲ್ಕೂ ಮೂಲಗಳಿಗೆ ಭಿನ್ನಾಭಿಪ್ರಾಯವಿಲ್ಲ.

2. ಪದಗಳ ಬಗ್ಗೆ

2.1. ಬಿಳಿಚುವುದು. ಕನ್ನಡದಲ್ಲಿ ಜ್ವರ ಬಿಟ್ಟವನ ಮುಖ ಬಿಳಿಚಿದೆ ಎನ್ನುತ್ತೇವೆ. ಅವನು ಬದುಕಿಯೇ ಇರುತ್ತಾನೆ. ಹವಳದ ವಿಷಯದಲ್ಲೂ ಈ ಪದ ಅಷ್ಟೇ ಖಚಿತವಾಗಿ ಹೊಂದುತ್ತದೆ. ಹವಳದ ಅಂಗಾಂಶದ ಕೋಶಗಳೊಳಗೆ ಏಕಕೋಶ ಪಾಚಿಗಳು ವಾಸವಿರುತ್ತವೆ. ಅವು ಬಿಸಿಲಿನಿಂದ ತಯಾರಿಸಿದ ಸಕ್ಕರೆಯ ದೊಡ್ಡ ಪಾಲು ಆಶ್ರಯ ಕೊಟ್ಟ ಹವಳಕ್ಕೆ ಸಲ್ಲುತ್ತದೆ. ಹವಳದ ಬಣ್ಣವೂ ಬಹುಮಟ್ಟಿಗೆ ಅವುಗಳದ್ದೇ. ನೀರು ಕಾದಾಗ ಈ ಪಾಚಿಗಳ ದ್ಯುತಿಸಂಶ್ಲೇಷಣೆ ಹದಗೆಟ್ಟು ಆಮ್ಲಜನಕದ ಹಾನಿಕಾರಕ ರೂಪಗಳು ಶೇಖರವಾಗುತ್ತವೆ, ಪಾಚಿ ಹೊರಬೀಳುತ್ತದೆ. ಉಳಿಯುವುದು ಪಾರದರ್ಶಕ ಅಂಗಾಂಶ. ಅದರೊಳಗಿಂದ ಸುಣ್ಣದ ಅಸ್ಥಿ ಬೆಳ್ಳಗೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಹವಳದ ಬಿಡಿ ಜೀವಿಗಳಾದ ಪಾಲಿಪ್‌ಗಳು ಆಗಲೂ ಬಾಯಿ ತೆರೆದು ಮುಚ್ಚುತ್ತಿರುವುದು ಕಾಣಬಹುದು. ನೀರು ಬೇಗ ತಣಿದರೆ ಪಾಚಿ ಮರಳಿ ತುಂಬಿಕೊಳ್ಳುತ್ತದೆ, ತಣಿಯದಿದ್ದರೆ ಹವಳ ಸಾಯುತ್ತದೆ. ಆದ್ದರಿಂದ ‘ಶೇ 91 ಬಿಳಿಚಿದೆ’ ಎಂಬುದನ್ನು ‘ಶೇ 91 ಸತ್ತಿದೆ’ ಎಂದು ಬರೆಯುವುದು ಭಾಷೆಯ ಸಡಿಲಿಕೆಯಲ್ಲ, ತಪ್ಪು ಮಾಹಿತಿ.

2.2. ಪಾಚಿ. ಈ ಒಂದು ಪದ ಕನಿಷ್ಠ ಮೂರು ವಸ್ತುಗಳಿಗೆ ದುಡಿಯುತ್ತಿದೆ: ಹವಳದೊಳಗಿನ ಸಹಜೀವಿ ಪಾಚಿ, ಸತ್ತ ಅಸ್ಥಿಯ ಮೇಲೆ ಮೊದಲು ಹಬ್ಬುವ ನವಿರಾದ ನಾರುಪಾಚಿ, ಎಲೆಯಂತೆ ಬೆಳೆದು ಹವಳದ ದಿಬ್ಬವನ್ನೇ (ರೀಫ್) ಮುಚ್ಚಬಲ್ಲ ಕಡಲಕಳೆ. ಮೊದಲನೆಯದು ಹೋದರೆ ಹವಳಕ್ಕೆ ಆಪತ್ತು, ಮೂರನೆಯದು ಬಂದರೆ ಆಪತ್ತು. ಮುಂದೆ ಈ ಮೂರಕ್ಕೆ ಈ ಹೆಸರುಗಳನ್ನೇ ಬಳಸಲಾಗಿದೆ.

ಹಳೆಯ ಲೇಖನಗಳನ್ನು ಓದುವವರಿಗೆ ಇನ್ನೊಂದು ಮಾತು. 1962ರಲ್ಲಿ ಫ್ರಾಯ್ಡೆಂಥಾಲ್ ಹೆಸರಿಟ್ಟ ‘ಸಿಂಬಯೊಡಿನಿಯಂ’ ಎಂಬ ಒಂದು ಕುಲದಡಿ ಈ ಸಹಜೀವಿ ಪಾಚಿಗಳನ್ನೆಲ್ಲ ಸೇರಿಸಿ, ಎ, ಬಿ, ಸಿ, ಡಿ ಎಂದು ಗುಂಪು ಮಾಡುವ ರೂಢಿ ಬಹುಕಾಲ ಇತ್ತು. 2018ರಲ್ಲಿ ಲಾಜುನೆಸ್ ಮತ್ತು ಸಂಗಡಿಗರು ಅವನ್ನು ಬೇರೆ ಬೇರೆ ಕುಲಗಳಾಗಿ ಒಡೆದರು. ಹಳೆಯ ‘ಸಿ’ ಗುಂಪು ಈಗ ಕ್ಲಾಡೊಕೋಪಿಯಂ, ‘ಡಿ’ ಗುಂಪು ಡುರುಸ್ಡಿನಿಯಂ. ಶಾಖ ಸಹಿಸುವ ಪಾಚಿಗಳೆಂದು ಹೆಚ್ಚಾಗಿ ಉಲ್ಲೇಖಗೊಳ್ಳುವವು ಎರಡನೆಯ ಕುಲದವು. 2018ಕ್ಕೆ ಮುಂಚಿನ ಮತ್ತು ನಂತರದ ಪಟ್ಟಿಗಳನ್ನು ಹೋಲಿಸುವಾಗ ಹೆಸರು ಬದಲಾದದ್ದನ್ನು ಜೀವಿಯೇ ಬದಲಾಯಿತೆಂದು ಎಣಿಸಬಾರದು.

3. ಛೇದ ಯಾವುದು?

ಶೇಕಡಾವಾರು ಹೇಳುವಾಗ ಛೇದ ಯಾವುದೆಂದು ಹೇಳಲೇಬೇಕು. ಈ ಸಾಹಿತ್ಯದಲ್ಲಿ ಮೂರು ಬಗೆಯ ಛೇದಗಳು ಬೆರೆತಿವೆ.

ಮೊದಲನೆಯದು ದಿಬ್ಬಗಳ ಎಣಿಕೆ: ಇಷ್ಟು ದಿಬ್ಬ ನೋಡಿದೆವು, ಇಷ್ಟರಲ್ಲಿ ಬಿಳಿಚುವಿಕೆ ಕಂಡಿತು. ಎರಡನೆಯದು ಹವಳದ ಹೊದಿಕೆ: ಸಮುದ್ರತಳದ ಎಷ್ಟು ಭಾಗವನ್ನು ಜೀವಂತ ಗಟ್ಟಿಹವಳ ಆವರಿಸಿದೆ ಎಂಬುದು. ಮೂರನೆಯದು ಹವಳದ ಬಿಡಿ ಗೊಂಚಲುಗಳ ಸಂಖ್ಯೆ.

ಹೊದಿಕೆಯ ಲೆಕ್ಕದಲ್ಲಿ ಇನ್ನೊಂದು ಕವಲಿದೆ. ಹೊದಿಕೆ ಶೇ 30ರಿಂದ ಶೇ 15ಕ್ಕೆ ಇಳಿದರೆ 15 ಶೇಕಡಾ ಅಂಶ ಕಡಿಮೆಯಾಯಿತು ಎನ್ನಬಹುದು, ಇದ್ದದ್ದರಲ್ಲಿ ಶೇ 50 ಹೋಯಿತು ಎಂದೂ ಹೇಳಬಹುದು. ಎರಡೂ ಸರಿ, ಯಾವುದೆಂದು ತಿಳಿಸದಿರುವುದು ಸರಿಯಲ್ಲ. ಹೊದಿಕೆ ಶೇ 100 ಇರುವ ದಿಬ್ಬಸಾಲು ಎಲ್ಲೂ ಇಲ್ಲ ಎಂಬುದನ್ನೂ ನೆನಪಿಡಬೇಕು. ಆರೋಗ್ಯವಾಗಿದೆ ಎನ್ನುವ ದಿಬ್ಬಗಳಲ್ಲೂ ಮರಳು, ಬಂಡೆ, ಸುಣ್ಣಪಾಚಿಗಳಿಗೆ ಜಾಗ ಇರುತ್ತದೆ.

ದಿಬ್ಬಗಳ ಒಟ್ಟು ಸಂಖ್ಯೆಯೇ ಎರಡು ಬಗೆಯಾಗಿ ಸಿಗುತ್ತದೆ. ಸಾಮಾನ್ಯ ಪರಿಚಯ ಬರಹಗಳಲ್ಲಿ 2,900 ಅಥವಾ ‘ಸುಮಾರು 3,000’; 2018ರ ನೇಚರ್ ಲೇಖನದಲ್ಲಿ (5.8 ನೋಡಿ) 3,863. ಒಂದಕ್ಕೊಂದು ಅಂಟಿದ ದಿಬ್ಬಗಳನ್ನು ಕೂಡಿಸಿ ಎಣಿಸುವ, ಬಿಡಿಸಿ ಎಣಿಸುವ ವ್ಯತ್ಯಾಸದಿಂದ ಇದು ಬಂದಿರುವ ಸಾಧ್ಯತೆ ಹೆಚ್ಚು. ಯಾವುದೇ ಶೇಕಡಾವಾರನ್ನು ದಿಬ್ಬಗಳ ಸಂಖ್ಯೆಗೆ ಪರಿವರ್ತಿಸುವ ಮುನ್ನ ಆ ಮೂಲ ಬಳಸಿದ ಒಟ್ಟು ಸಂಖ್ಯೆಯನ್ನೇ ಹಿಡಿಯಬೇಕು.

4. ಮೊದಲ ಅರ್ಧ: 50.7 (1985–2012)

ಗ್ಲೆನ್ ಡೀಯತ್ ಮತ್ತು ಮೂವರು ಸಹಲೇಖಕರು 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಇದರ ಮೂಲ. 1985ರಿಂದ 2012ರವರೆಗೆ 214 ದಿಬ್ಬಗಳಲ್ಲಿ ನಡೆದ 2,258 ಸಮೀಕ್ಷೆಗಳು ಅದರ ಆಧಾರ. ಹೊದಿಕೆ ಶೇ 28.0ರಿಂದ ಶೇ 13.8ಕ್ಕೆ ಇಳಿಯಿತು ಎಂಬುದು ಫಲಿತಾಂಶ. ವ್ಯತ್ಯಾಸ 14.2, ಅದನ್ನು 28.0ರಿಂದ ಭಾಗಿಸಿದರೆ 0.507. ಲೇಖನದ 50.7 ಎಂಬ ಅಂಕಿ ಹೀಗೆ ಸರಿಹೊಂದುತ್ತದೆ.

ಈ ಅರ್ಧದ ಬಗ್ಗೆ ಎರಡು ಸಂಗತಿ ಹೆಚ್ಚಾಗಿ ಬಿಟ್ಟುಹೋಗುತ್ತವೆ.

ಒಂದು, ಕಾರಣಗಳ ಹಂಚಿಕೆ. ಅಂದಾಜಿಸಿದ ನಷ್ಟದಲ್ಲಿ ಚಂಡಮಾರುತಗಳ ಪಾಲು ಶೇ 48, ಹವಳ ತಿನ್ನುವ ಮುಳ್ಳುಕಿರೀಟದ ನಕ್ಷತ್ರಮೀನಿನ ಪಾಲು ಶೇ 42, ಬಿಳಿಚುವಿಕೆಯ ಪಾಲು ಶೇ 10. ಹಾಗಾಗಿ 50.7ನ್ನು ಸಾಗರ ಬಿಸಿಯೇರಿಕೆಯ ನೇರ ಪುರಾವೆಯಾಗಿ ಉಲ್ಲೇಖಿಸಲು ಆ ಲೇಖನವೇ ಅವಕಾಶ ಕೊಡುವುದಿಲ್ಲ. ಬಿಸಿಯೇರಿಕೆ ಚಂಡಮಾರುತಗಳ ತೀವ್ರತೆಯ ಮೂಲಕ ಪರೋಕ್ಷವಾಗಿ ಸೇರಿಕೊಂಡಿರಬಹುದು. ಅದು ಬೇರೆ ವಾದ, ಬೇರೆ ಪುರಾವೆ ಬೇಡುತ್ತದೆ.

ಎರಡು, ಪ್ರದೇಶ. ಹೆಚ್ಚು ಮಾನವಸ್ಪರ್ಶವಿಲ್ಲದ ಉತ್ತರ ಭಾಗದಲ್ಲಿ ಒಟ್ಟಾರೆ ಇಳಿಕೆ ಕಾಣಲಿಲ್ಲ ಎಂದು ಅದೇ ಲೇಖನ ಸ್ಪಷ್ಟವಾಗಿ ಹೇಳುತ್ತದೆ. ಅಂದರೆ ಮೊದಲ ಅರ್ಧ ಮುಖ್ಯವಾಗಿ ಮಧ್ಯ ಮತ್ತು ದಕ್ಷಿಣ ಭಾಗಗಳದ್ದು. ಎರಡನೆಯ ಅರ್ಧಕ್ಕೆ ಬಂದಾಗ ಇದು ಏಕೆ ಮುಖ್ಯ ಎಂಬುದು ಕಾಣುತ್ತದೆ.

5. 2016ರ ಅಂಕಿಗಳು, ಪ್ರಕಟವಾದ ಕ್ರಮದಲ್ಲಿ

5.1. ವಿಧಾನ. 2016ರ ಬಿಳಿಚುವಿಕೆಯನ್ನು ಅಳೆಯಲು ಜೇಮ್ಸ್ ಕುಕ್ ವಿಶ್ವವಿದ್ಯಾಲಯದ ಟೆರಿ ಹ್ಯೂಸ್ ನೇತೃತ್ವದ ತಂಡ ಸಣ್ಣ ವಿಮಾನ, ಹೆಲಿಕಾಪ್ಟರುಗಳಲ್ಲಿ ಸುಮಾರು 150 ಮೀಟರ್ ಎತ್ತರದಲ್ಲಿ ಹಾರಿ ಪ್ರತಿ ದಿಬ್ಬಕ್ಕೂ 0ಯಿಂದ 4ರವರೆಗೆ ಅಂಕ ಕೊಟ್ಟಿತು. ಬಿಳಿಚಿದ ಹವಳ ಶೇ 1ಕ್ಕಿಂತ ಕಡಿಮೆ ಇದ್ದರೆ 0. 1ರಿಂದ 10ರವರೆಗೆ 1. 10ರಿಂದ 30ರವರೆಗೆ 2. 30ರಿಂದ 60ರವರೆಗೆ 3. ಶೇ 60 ಮೀರಿದರೆ 4. ಮೇಲಿಂದ ಕೊಟ್ಟ ಅಂಕ ಸರಿಯೇ ಎಂದು ತಿಳಿಯಲು ಒಂದಷ್ಟು ದಿಬ್ಬಗಳಲ್ಲಿ ನೀರಿಗಿಳಿದು ತಾಳೆ ನೋಡಲಾಯಿತು.

ಇಲ್ಲಿ ಸಮಯದ ಸೂಕ್ಷ್ಮವೊಂದಿದೆ. ಮುಂಚೆ ಹಾರಿದರೆ ಹವಳ ಇನ್ನೂ ಬಿಳಿಚಿರುವುದಿಲ್ಲ. ತಡವಾಗಿ ಹಾರಿದರೆ ಸತ್ತ ಅಸ್ಥಿಯ ಮೇಲೆ ನಾರುಪಾಚಿ ಹಬ್ಬಿರುತ್ತದೆ. ನೀರಿನಲ್ಲಿ ಕೈಯಳತೆಯ ದೂರದಿಂದ ನೋಡುವವರಿಗೆ ಅದು ಗೊತ್ತಾಗುತ್ತದೆ: ಕವಲಿನ ಅಂಚುಗಳು ಮಸುಕು, ಪಾಲಿಪ್‌ನ ಬಟ್ಟಲುಗಳಲ್ಲಿ ಮಂಜು ಕವಿದಂಥ ಹಸಿರುಗಂದು ನವಿರು, ಮುಟ್ಟಿದರೆ ಜಾರು. ಆದರೆ 150 ಮೀಟರ್ ಮೇಲಿಂದ ಆ ಕಂದು ಆರೋಗ್ಯವಂತ ಹವಳದ ಕಂದಿಗೆ ಹತ್ತಿರವಾಗಿ ಕಾಣುತ್ತದೆ. ಅಂದರೆ ಅತಿ ಕೆಟ್ಟದಾಗಿ ಹೊಡೆತ ತಿಂದ ದಿಬ್ಬವೇ, ತಡವಾದರೆ, ‘ಬಿಳಿಚಿಲ್ಲ’ ಎಂದು ದಾಖಲಾಗುವ ಅಪಾಯವಿದೆ. ಬಿಳಿಚಿ ಸತ್ತ ಹವಳವನ್ನು ನಾರುಪಾಚಿ ಬೇಗ ಆವರಿಸುತ್ತದೆ, ಆರೋಗ್ಯವಂತ ಅಂಗಾಂಶವನ್ನು ಹಾಗೆ ಹಿಡಿಯುವುದಿಲ್ಲ ಎಂಬುದನ್ನು 1998ರ ಬಿಳಿಚುವಿಕೆಯ ನಂತರ ಡಯಾಸ್-ಪುಲಿಡೊ ಮತ್ತು ಮೆಕೂಕ್ (2002) ಇದೇ ಸಾಗರದಲ್ಲಿ ತೋರಿಸಿದ್ದರು.

5.2. ಏಪ್ರಿಲ್ 2016: 93. ಆಗ ನೋಡಿದ್ದು 911 ದಿಬ್ಬಗಳು. ಬಿಳಿಚುವಿಕೆಯಿಂದ ಪೂರ್ತಿ ಪಾರಾದವು 68. ಪಾರಾಗದ ಪಾಲು 92.5, ಪ್ರಕಟಣೆಯಲ್ಲಿ ಅದು ದುಂಡಾಗಿ 93 ಆಯಿತು. ಇದು ದಿಬ್ಬಗಳ ಎಣಿಕೆ. ಶೇ 1ಕ್ಕಿಂತ ತುಸು ಹೆಚ್ಚು ಬಿಳಿಚಿದ ದಿಬ್ಬವೂ ಇದರಲ್ಲಿ ಸೇರಿದೆ.

5.3. ಮೇ 2016: 35. ಉತ್ತರ ಮತ್ತು ಮಧ್ಯ ಭಾಗದ 84 ದಿಬ್ಬಗಳಲ್ಲಿ ಸತ್ತ ಅಥವಾ ಸಾಯುತ್ತಿರುವ ಹವಳದ ಪಾಲು. ದಕ್ಷಿಣ ಇದರಲ್ಲಿಲ್ಲ.

5.4. ಜೂನ್ 2016: 22. ಗ್ರೇಟ್ ಬ್ಯಾರಿಯರ್ ರೀಫ್ ಸಾಗರೋದ್ಯಾನ ಪ್ರಾಧಿಕಾರದ ಪ್ರಾಥಮಿಕ ಅಂದಾಜು. ಇಡೀ ದಿಬ್ಬಸಾಲಿಗೆ ಅನ್ವಯಿಸಿದ್ದು. ಈ ಸಾವಿನ ಶೇ 85ರಷ್ಟು ಕೇಪ್ ಯಾರ್ಕ್‌ನ ತುದಿಯಿಂದ ಲಿಜರ್ಡ್ ದ್ವೀಪದ ಉತ್ತರದವರೆಗಿನ ಭಾಗದಲ್ಲೇ ಆಗಿದೆ ಎಂಬ ವಿವರಣೆಯೂ ಜೊತೆಗಿತ್ತು. 35 ಮತ್ತು 22 ಒಂದೇ ಹೊತ್ತಿಗೆ ಬಂದದ್ದರಿಂದ ಎರಡು ಸಂಸ್ಥೆಗಳ ನಡುವೆ ಜಗಳವೆಂಬಂತೆ ವರದಿಯಾಯಿತು. ಛೇದ ಬೇರೆ ಎಂಬುದನ್ನು ಗಮನಿಸಿದರೆ ವಿರೋಧದ ಬಹುಪಾಲು ಕರಗುತ್ತದೆ.

5.5. ನವೆಂಬರ್ 2016: 67, 6, 1. ಮರುಸಮೀಕ್ಷೆಯ ನಂತರ ಹ್ಯೂಸ್ ತಂಡದ ಪ್ರಕಟಣೆ: ಉತ್ತರದ 700 ಕಿಲೊಮೀಟರಿನಲ್ಲಿ ಆಳವಿಲ್ಲದ ನೀರಿನ ಹವಳ ಸರಾಸರಿ ಶೇ 67 ನಷ್ಟ, ಮಧ್ಯದಲ್ಲಿ 6, ದಕ್ಷಿಣದಲ್ಲಿ 1.

5.6. ಮಾರ್ಚ್ 2017: 91.1. ನೇಚರ್ ಲೇಖನ. ಅಂತಿಮ ಎಣಿಕೆಯಲ್ಲಿ 1,156 ದಿಬ್ಬಗಳು. ಪಾರಾದವು ಶೇ 8.9. ವರ್ಷದ ಹಿಂದಿನ 93 ತಪ್ಪಾಗಿರಲಿಲ್ಲ; ನೋಡಿದ ದಿಬ್ಬಗಳ ಸಂಖ್ಯೆ ಬೆಳೆದಿತ್ತು. ಇದೇ ಲೇಖನದ ಹೋಲಿಕೆ ಹೆಚ್ಚು ಉಪಯುಕ್ತ: ಪಾರಾದ ದಿಬ್ಬಗಳ ಪಾಲು 1998ರಲ್ಲಿ ಶೇ 44.7 (638 ದಿಬ್ಬಗಳಲ್ಲಿ), 2002ರಲ್ಲಿ ಶೇ 42.4 (631ರಲ್ಲಿ).

5.7. ಮೇ 2017: 29. ಪ್ರಾಧಿಕಾರ ತನ್ನ 22ನ್ನು ಪರಿಷ್ಕರಿಸಿ, 2016ರಲ್ಲಿ ಆಳವಿಲ್ಲದ ನೀರಿನ ಹವಳಗಳ ಶೇ 29 ಸತ್ತವೆಂದು ಹೇಳಿತು.

5.8. ಏಪ್ರಿಲ್ 2018: 30.0, 50.3, ಮತ್ತೆ 29. ಹ್ಯೂಸ್ ತಂಡದ ಎರಡನೆಯ ನೇಚರ್ ಲೇಖನ. ಮಾರ್ಚ್‌ನಿಂದ ನವೆಂಬರ್ 2016ರ ನಡುವೆ ಇಡೀ ದಿಬ್ಬಸಾಲಿನಲ್ಲಿ ಹೊದಿಕೆಯ ಇಳಿಕೆ ಶೇ 30.0, ಉತ್ತರದ 700 ಕಿಲೊಮೀಟರಿನಲ್ಲಿ ಶೇ 50.3. ಇದಲ್ಲದೆ 3,863 ದಿಬ್ಬಗಳ ಶೇ 29ರಲ್ಲಿ ಹವಳ ಸಮುದಾಯದ ಸಂಯೋಜನೆಯೇ ಬದಲಾಯಿತೆಂಬ ನಿರ್ಣಯ.

ಹೀಗೆ 29 ಎರಡು ಕಡೆ ಬರುತ್ತದೆ. ಪ್ರಾಧಿಕಾರದ 29 ಸತ್ತ ಹವಳದ ಪಾಲು. ನೇಚರ್‌ನ 29 ಸ್ವರೂಪ ಬದಲಾದ ದಿಬ್ಬಗಳ ಪಾಲು, ಅಂದರೆ ಸುಮಾರು 1,120 ದಿಬ್ಬ. ಒಂದನ್ನು ಇನ್ನೊಂದರ ದೃಢೀಕರಣವೆಂದು ತೆಗೆದುಕೊಳ್ಳುವಂತಿಲ್ಲ. ಪ್ರಾಧಿಕಾರದ 29ಕ್ಕೆ ನಿಜವಾಗಿ ಸಮೀಪವಿರುವುದು 30.0.

ಇಂಥದೇ ಮತ್ತೊಂದು ಜೋಡಿ: 2022ರಲ್ಲಿ ವೈಮಾನಿಕವಾಗಿ ನೋಡಿದ 719 ದಿಬ್ಬಗಳಲ್ಲಿ 654ರಲ್ಲಿ ಬಿಳಿಚುವಿಕೆ ಕಂಡಿತು, ಅದೂ ಶೇ 91. ಆದರೆ ಆ ವರ್ಷ ಸಾವು 2016ರ ಹತ್ತಿರಕ್ಕೂ ಹೋಗಲಿಲ್ಲ. ಬಿಳಿಚಿದ ದಿಬ್ಬಗಳ ಎಣಿಕೆಯಿಂದ ಸಾವನ್ನು ಊಹಿಸುವುದು ಎಷ್ಟು ದುರ್ಬಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು.

6. ಎರಡನೆಯ ಅರ್ಧ: 50.3 (2016, ಉತ್ತರ)

50.7 ಮತ್ತು 50.3ರ ನಡುವಿನ ಅಂತರ 0.4. ಆ ಹತ್ತಿರಕ್ಕೆ ಯಾವ ಅರ್ಥವೂ ಇಲ್ಲ. ಮೊದಲನೆಯದು 27 ವರ್ಷಗಳದ್ದು, ಎರಡನೆಯದು ಎಂಟು ತಿಂಗಳದ್ದು. ಮೊದಲನೆಯದರಲ್ಲಿ ಬಿಳಿಚುವಿಕೆಯ ಪಾಲು ಹತ್ತನೇ ಒಂದು. ಎರಡನೆಯದು ಶಾಖದ ಹೊಡೆತಕ್ಕೆ ಜೋಡಿಸಿ ಅಳೆದದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲ ಅರ್ಧದಲ್ಲಿ ಒಟ್ಟಾರೆ ಇಳಿಕೆ ಇಲ್ಲದೆ ಉಳಿದಿದ್ದ ಉತ್ತರ ಭಾಗವೇ ಎರಡನೆಯ ಅರ್ಧದ ಕ್ಷೇತ್ರ. ಎರಡು ಲೇಖನಗಳು ‘ಉತ್ತರ’ದ ಗಡಿಯನ್ನು ಒಂದೇ ಅಕ್ಷಾಂಶದಲ್ಲಿ ಎಳೆದಿವೆ ಎಂದು ಭಾವಿಸಬಾರದು (2018ರ ಲೇಖನದಲ್ಲಿ ಅದು 9.5ರಿಂದ 14.5 ಡಿಗ್ರಿ ದಕ್ಷಿಣ). ಆದರೂ ಎರಡೂ ಅರ್ಧಗಳು ಬಹುಮಟ್ಟಿಗೆ ಒಂದರ ಮೇಲೊಂದು ಬೀಳುವುದಿಲ್ಲ ಎಂದು ಹೇಳುವಷ್ಟು ಆಧಾರವಿದೆ. ಎರಡನ್ನೂ ಒಂದೇ ಸುದ್ದಿ ಎಂದು ಓದಿದವರು ನಷ್ಟವನ್ನು ಹಿಗ್ಗಿಸಿ ಹೇಳಿದಂತಾಗಲಿಲ್ಲ, ಬಹುಶಃ ಕುಗ್ಗಿಸಿದಂತಾಯಿತು.

ಈ ಟಿಪ್ಪಣಿಯ ಮೊದಲ ಕರಡಿನಲ್ಲೇ 50.3ನ್ನು ಇಡೀ ದಿಬ್ಬಸಾಲಿಗೆ ಹಚ್ಚಲಾಗಿತ್ತು, 30.0ರ ಜೊತೆ ಕೂಡದಿದ್ದಾಗ ದೋಷ ಸಿಕ್ಕಿತು. ಪತ್ರಿಕೆಯವರನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಉಳಿಯುವ ವ್ಯತ್ಯಾಸ 67 ಮತ್ತು 50.3ರದು. ಒಂದೇ ತಂಡ, ಒಂದೇ 700 ಕಿಲೊಮೀಟರ್ ಹೆಸರು, ಎರಡು ಅಂಕಿ. 67 ಪತ್ರಿಕಾ ಪ್ರಕಟಣೆಯದು, ಮರುಸಮೀಕ್ಷೆ ಮುಗಿದ ಬಿಸಿಯಲ್ಲಿ ಬಂದದ್ದು, 50.3 ವಿಮರ್ಶಕರ ಪರಿಶೀಲನೆ ದಾಟಿ ಬಂದದ್ದು. ಈ ಅಂತರದ ಕಾರಣ ಸರಾಸರಿ ತೆಗೆದ ಬಗೆಯಲ್ಲಿರಬಹುದು. ಎರಡನ್ನೂ ಹೆಸರಿಸಬೇಕಾದಲ್ಲಿ ದಿನಾಂಕದೊಡನೆ ಹೆಸರಿಸುವುದು, ಒಂದೇ ಬೇಕಾದಲ್ಲಿ 50.3 ಹಿಡಿಯುವುದು ಯುಕ್ತ. ಅದೂ ದಿಬ್ಬದ ನೆತ್ತಿಯ, ಆಳವಿಲ್ಲದ ನೀರಿನ ಅಳತೆ. ಆಳದ ಇಳಿಜಾರುಗಳಿಗೆ ಅದನ್ನು ಹಾಗೆಯೇ ಒಯ್ಯುವಂತಿಲ್ಲ.

7. ಮೂರನೆಯ ಅರ್ಧ: ಕೂಡಿಕೆಯಿಂದ ಬಂದದ್ದು (2016 ಮತ್ತು 2017)

2017ರ ಬೇಸಿಗೆಯಲ್ಲಿ ಮತ್ತೆ ಬಿಳಿಚುವಿಕೆ. ಈ ಸಲ ಹೊಡೆತ ಹೆಚ್ಚಾಗಿ ಮಧ್ಯ ಭಾಗಕ್ಕೆ. 2016ರಲ್ಲಿ ಶೇ 30, 2017ರಲ್ಲಿ ಮತ್ತೆ ಸುಮಾರು ಶೇ 20, ಒಟ್ಟು ಅರ್ಧ ಎಂಬ ಲೆಕ್ಕ 2018ರಲ್ಲಿ ವ್ಯಾಪಕವಾಗಿ ವರದಿಯಾಯಿತು.

ಇಲ್ಲಿ ಗಮನಿಸಬೇಕಾದ್ದು ಸರಳ ಅಂಕಗಣಿತ. ಎರಡನೆಯ 20 ಮೂಲ ಹೊದಿಕೆಯ ಶೇ 20 ಆಗಿದ್ದರೆ ಒಟ್ಟು 50. ಉಳಿದ 70ರ ಶೇ 20 ಆಗಿದ್ದರೆ 14, ಒಟ್ಟು 44. ಆರು ಅಂಶಗಳ ಈ ವ್ಯತ್ಯಾಸವನ್ನು ‘ಸುಮಾರು ಅರ್ಧ’ ಎಂಬ ಮಾತು ನುಂಗಿಕೊಳ್ಳುತ್ತದೆ. 2016ರ ಮಾರ್ಚ್‌ನಲ್ಲಿ ಇದ್ದುದನ್ನೇ ಛೇದವಾಗಿಟ್ಟ ಈ ಅರ್ಧ, ಮೊದಲ ಅರ್ಧದ ನಂತರ ಉಳಿದುದರ ಮೇಲೆ ಆದದ್ದು ಎಂಬುದೂ ನೆನಪಿರಬೇಕು. ಹಾಗೆಂದು ಎರಡನ್ನೂ ಗುಣಿಸಿ ‘1985ರ ಕಾಲುಭಾಗ ಉಳಿದಿದೆ’ ಎನ್ನಲೂ ಬಾರದು. ನಡುವೆ ಚೇತರಿಕೆಯ ವರ್ಷಗಳಿವೆ, ಅಳತೆಯ ವಿಧಾನ ಬೇರೆ.

8. ನಾಲ್ಕನೆಯ ಅರ್ಧ: ಗೊಂಚಲುಗಳ ಎಣಿಕೆ (1995/96–2017)

ಡೀಟ್ಸೆಲ್ ಮತ್ತು ಸಂಗಡಿಗರು 2020ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದು. ಇದು ಹೊದಿಕೆಯ ಲೆಕ್ಕವಲ್ಲ. 1995–96ರ ಮತ್ತು 2017ರ ಅಳತೆಗಳನ್ನು ಹೋಲಿಸಿ ಸಣ್ಣ, ಮಧ್ಯಮ, ದೊಡ್ಡ ಮೂರೂ ಗಾತ್ರದ ಗೊಂಚಲುಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ ಎಂದು ಅವರು ಕಂಡರು. ದೊಡ್ಡ ಗೊಂಚಲುಗಳು ಮೊಟ್ಟೆ ಹೆಚ್ಚು ಬಿಡುತ್ತವೆ, ಸಣ್ಣವು ಮುಂದಿನ ಪೀಳಿಗೆ. ಎರಡೂ ಇಳಿದರೆ ಹೊದಿಕೆಯ ಅಂಕಿ ಹೇಳದ ಸಂಗತಿಯೊಂದನ್ನು ಇದು ಹೇಳುತ್ತದೆ. ನಾಲ್ಕರಲ್ಲಿ ಅತ್ಯಂತ ಕಡಿಮೆ ಉಲ್ಲೇಖಗೊಳ್ಳುವ, ಬಹುಶಃ ಅತ್ಯಂತ ಹೆಚ್ಚು ಯೋಚಿಸಬೇಕಾದ ಅರ್ಧ ಇದು.

9. ಶಾಖದ ಅಳತೆ ಮತ್ತು ಅದರ ಮಿತಿ

9.1. ಅಮೆರಿಕದ ಸಾಗರ-ವಾಯುಮಂಡಲ ಸಂಸ್ಥೆ ನೋವಾ ಉಪಗ್ರಹ ಮಾಹಿತಿಯಿಂದ ಲೆಕ್ಕ ಹಾಕುವ ಘಟಕ ‘ಡಿಗ್ರಿ-ವಾರ’. ಒಂದು ಸ್ಥಳದ ಅತಿ ಬಿಸಿಯ ತಿಂಗಳ ದೀರ್ಘಕಾಲಿಕ ಸರಾಸರಿಯನ್ನು ಮೊದಲು ಹಿಡಿಯಬೇಕು. ಅದು 28.5 ಡಿಗ್ರಿ ಎಂದಿಟ್ಟುಕೊಳ್ಳೋಣ. ನೀರು ಒಂದು ವಾರ 29.7 ಇದ್ದರೆ ಹೆಚ್ಚಳ 1.2, ಲೆಕ್ಕಕ್ಕೆ 1.2 ಸೇರುತ್ತದೆ. ಇನ್ನೊಂದು ವಾರ 29.4 ಇದ್ದರೆ ಹೆಚ್ಚಳ 0.9, ಸೇರುವುದು ಸೊನ್ನೆ. ಏಕೆಂದರೆ 1 ಡಿಗ್ರಿ ಮುಟ್ಟದ ಹೆಚ್ಚಳ ಪರಿಗಣನೆಗಿಲ್ಲ. ಹೀಗೆ ಹಿಂದಿನ 12 ವಾರಗಳ ಮೊತ್ತ. ಹವಳಕ್ಕೆ 0.9 ಮತ್ತು 1.0ರ ನಡುವೆ ಇಂಥ ಕಡಿದಾದ ಗೋಡೆ ಇದೆ ಎಂದು ಯಾರೂ ವಾದಿಸುವುದಿಲ್ಲ. ಅದು ಲೆಕ್ಕದ ಅನುಕೂಲ.

9.2. ನೋವಾದ ರೂಢಿಯ ಪ್ರಕಾರ 4 ಡಿಗ್ರಿ-ವಾರಕ್ಕೆ ಗಣನೀಯ ಬಿಳಿಚುವಿಕೆ, 8ಕ್ಕೆ ಸಾವು ನಿರೀಕ್ಷಿತ. 2018ರ ನೇಚರ್ ಲೇಖನದಲ್ಲಿ 3–4 ಮೀರಿದೆಡೆಯೇ ಹವಳ ತಕ್ಷಣ ಸಾಯತೊಡಗಿತು. 6 ಮೀರಿದೆಡೆ ಎಂಟು ತಿಂಗಳಲ್ಲಿ ಸಮುದಾಯದ ಸಂಯೋಜನೆ ಬದಲಾಯಿತು. ಇದು ಸಣ್ಣ ವ್ಯತ್ಯಾಸವಲ್ಲ. ‘ತಕ್ಷಣ’ ಎಂಬುದೂ ಗಮನಾರ್ಹ: ಬಿಳಿಚಿ, ಹಸಿದು, ವಾರಗಳ ನಂತರ ಸಾಯುವ ಪರಿಚಿತ ದಾರಿಯಲ್ಲದೆ ಶಾಖದಿಂದಲೇ ನೇರ ಸಾಯುವ ದಾರಿಯೂ ಇದೆ ಎಂದಾಯಿತು. 2.1ರಲ್ಲಿ ಮಾಡಿದ ಬಿಳಿಚುವಿಕೆ-ಸಾವುಗಳ ವಿಂಗಡಣೆ ಇಲ್ಲಿ ಸ್ವಲ್ಪ ಸಡಿಲವಾಗುತ್ತದೆ.

ಮೇಲ್ತುದಿಯಲ್ಲೂ ಅಳತೆಗೋಲು ಸಾಲದಾಯಿತು. 2023ರ ಡಿಸೆಂಬರಿನಲ್ಲಿ ನೋವಾ 12, 16 ಮತ್ತು 20 ಡಿಗ್ರಿ-ವಾರಗಳಿಗೆ ಹೊಸದಾಗಿ 3, 4, 5ನೇ ಎಚ್ಚರಿಕೆ ಹಂತಗಳನ್ನು ಸೇರಿಸಿತು. ನಾಲ್ಕನೆಯ ಜಾಗತಿಕ ಬಿಳಿಚುವಿಕೆಯ ಘೋಷಣೆ 2024ರ ಏಪ್ರಿಲ್ 15ರಂದು ಬಂತು.

9.3. ‘ಮೊದಲ ಬಿಳಿಚುವಿಕೆ 1998ರಲ್ಲಿ’ ಎಂಬ ಹೇಳಿಕೆಗೆ ‘ದಿಬ್ಬಸಾಲಿನಾದ್ಯಂತ ವೈಮಾನಿಕವಾಗಿ ಅಳೆದದ್ದು’ ಎಂಬ ವಿಶೇಷಣ ಬೇಕು. ಮಾರಿಸ್ ಯಂಗ್ ನೇತೃತ್ವದ 1928–29ರ ಶೋಧಯಾತ್ರೆ ಇದೇ ದಿಬ್ಬಸಾಲಿನ ಲೋ ದ್ವೀಪಗಳಲ್ಲಿ ಬಿಸಿಗೆ ಹವಳ ಬಿಳಿಚಿದ್ದನ್ನು ನೋಡಿತ್ತು. ಯಂಗ್ ಮತ್ತು ನಿಕಲ್ಸ್ ಅದನ್ನು 1931ರಲ್ಲಿ ಬರೆದರು. ಇನ್ನೊಂದು ಕಡೆಯಿಂದ, ಬಿಳಿಚಿದ್ದೆಲ್ಲ ಬಿಸಿಯಿಂದಲ್ಲ. 1963ರ ಫ್ಲೋರಾ ಚಂಡಮಾರುತದ ನಂತರ ಜಮೈಕಾದಲ್ಲಿ ಹವಳಗಳು ಸಹಜೀವಿ ಪಾಚಿ ಕಳೆದುಕೊಂಡದ್ದನ್ನು ಥಾಮಸ್ ಗೊರೊ 1964ರಲ್ಲಿ ವರದಿ ಮಾಡಿದ. ಅಲ್ಲಿ ಕಾರಣ ಮಳೆಯ ಸಿಹಿನೀರು.

10. ಕಡಲಕಳೆ ಎಲ್ಲಿ?

ಹವಳ ಸತ್ತರೆ ಕಡಲಕಳೆ ಆಳುತ್ತದೆ ಎಂಬ ಚಿತ್ರ ಬಹುಪಾಲು ಜಮೈಕಾದಿಂದ ಬಂದದ್ದು. ಅಲ್ಲಿ 1977ರಿಂದ 1993ರೊಳಗೆ ಹವಳ ಶೇ 52ರಿಂದ 3ಕ್ಕೆ ಇಳಿದು ಕಡಲಕಳೆ ಶೇ 4ರಿಂದ 92ಕ್ಕೆ ಏರಿದ್ದನ್ನು ಇದೇ ಹ್ಯೂಸ್ 1994ರಲ್ಲಿ ಬರೆದದ್ದು. ಅಲ್ಲಿ ಪಾಚಿ ಮೇಯುವ ಮೀನು ಮೊದಲೇ ವಿಪರೀತ ಹಿಡಿದು ಮುಗಿದಿತ್ತು. ಉಳಿದಿದ್ದ ಮೇಯುಗ, ಉದ್ದಮುಳ್ಳಿನ ಕಡಲ ಅರ್ಚಿನ್, 1983ರ ರೋಗದಲ್ಲಿ ಹೆಚ್ಚುಕಡಿಮೆ ನಿರ್ನಾಮವಾಯಿತು. ಬ್ರೂನೊ ಮತ್ತು ಸಂಗಡಿಗರು 2009ರಲ್ಲಿ ಜಗತ್ತಿನ 1,851 ದಿಬ್ಬಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿದಾಗ, ಕಡಲಕಳೆ ಅರ್ಧಕ್ಕಿಂತ ಹೆಚ್ಚು ತಳವನ್ನು ಆವರಿಸಿದ್ದ ದಿಬ್ಬಗಳು ಶೇ 4 ಮಾತ್ರ. ಗ್ರೇಟ್ ಬ್ಯಾರಿಯರ್ ರೀಫ್‌ನ ಹೊರಗಿನ ದಿಬ್ಬಗಳಲ್ಲಿ 2016ರ ನಂತರ ಕಂಡದ್ದು ಹೆಚ್ಚಾಗಿ ನಾರುಪಾಚಿ. ಅದರ ಮೇಲೆ ಹೊಸ ಹವಳ ನೆಲೆಯೂರಬಹುದು, ಮೇಯುವ ಮೀನು ಇರುವ ತನಕ.

11. 2022ರ ದಾಖಲೆ ಏರಿಕೆ ಮತ್ತು 2025ರ ಇಳಿಕೆ

ಆಸ್ಟ್ರೇಲಿಯದ ಸಾಗರವಿಜ್ಞಾನ ಸಂಸ್ಥೆಯ 2022ರ ವರದಿಯಂತೆ ಹೊದಿಕೆ ಉತ್ತರದಲ್ಲಿ ಶೇ 36, ಮಧ್ಯದಲ್ಲಿ ಶೇ 33. ಆ ಭಾಗಗಳಲ್ಲಿ 36 ವರ್ಷಗಳಲ್ಲೇ ಗರಿಷ್ಠ. ಆರು ವರ್ಷದ ಹಿಂದೆ ಅರ್ಧ ಸತ್ತ ಉತ್ತರ ಗರಿಷ್ಠಕ್ಕೆ ಏರಿದ್ದು ಹೇಗೆ? ಹಿಂದಿನ ಅಂಕಿ ಸುಳ್ಳೆಂದು ಕೆಲವರು ತೀರ್ಮಾನಿಸಿದರು. ಅದಕ್ಕೆ ಮುನ್ನ ಎರಡು ಸಂಗತಿ ನೋಡಬೇಕು.

ಮೊದಲು ವಿಧಾನ. ಈ ಸಂಸ್ಥೆಯ ಸಮೀಕ್ಷಕ ಮುಖವಾಡ, ಉಸಿರ್ಗೊಳವೆ ಧರಿಸಿ ಸಣ್ಣ ದೋಣಿಯ ಹಿಂದೆ ಹಗ್ಗಕ್ಕೆ ಕಟ್ಟಿದ ಹಲಗೆ ಹಿಡಿದು ದಿಬ್ಬದ ಅಂಚಿನುದ್ದಕ್ಕೂ ಎಳೆಸಿಕೊಳ್ಳುತ್ತಾನೆ. ಎರಡು ನಿಮಿಷಕ್ಕೊಮ್ಮೆ ದೋಣಿ ನಿಲ್ಲುತ್ತದೆ. ಕಂಡ ಹೊದಿಕೆಯ ಅಂದಾಜನ್ನು ಬರೆದು ಮತ್ತೆ ಹೊರಡುತ್ತಾನೆ. ದಿಬ್ಬವನ್ನು ಸುತ್ತುವ ಈ ಅಳತೆಗೂ ಹ್ಯೂಸ್ ತಂಡ ನೆತ್ತಿಯ ಮೇಲೆ ಪಟ್ಟಿ ಹಾಸಿ ಮಾಡಿದ ಅಳತೆಗೂ ಒಂದೇ ಅಂಕಿ ಬರಬೇಕೆಂದು ನಿರೀಕ್ಷಿಸುವಂತಿಲ್ಲ.

ಎರಡನೆಯದು ಜಾತಿ. ಮರಳಿ ಬಂದದ್ದು ಬಹುಪಾಲು ಅಕ್ರೊಪೊರ: ಕವಲು ಕವಲಾಗಿ, ಮೇಜಿನಂತೆ ಹರಡಿ ಬೇಗ ಬೆಳೆಯುವ ಹವಳ. ಬಿಸಿಗೆ, ಅಲೆಗೆ, ನಕ್ಷತ್ರಮೀನಿಗೆ ಮೊದಲು ಬಲಿಯಾಗುವುದೂ ಅದೇ. ಹೊದಿಕೆಯ ಶೇಕಡಾವಾರು ಜಾತಿಯನ್ನು ಹೇಳುವುದಿಲ್ಲ.

ಅದೇ ಸಂಸ್ಥೆಯ 2025ರ ವರದಿ ಇದಕ್ಕೆ ಒಂದು ಪರೀಕ್ಷೆಯಂತಿದೆ. 2024ರ ಬಿಳಿಚುವಿಕೆಯ ನಂತರ ಉತ್ತರ 39.8ರಿಂದ 30.0ಕ್ಕೆ, ಮಧ್ಯ 33.2ರಿಂದ 28.6ಕ್ಕೆ, ದಕ್ಷಿಣ 38.9ರಿಂದ 26.9ಕ್ಕೆ ಇಳಿಯಿತು. ದಕ್ಷಿಣದ ಇಳಿಕೆ 12 ಶೇಕಡಾ ಅಂಶ, ಇದ್ದದ್ದರ ಶೇ 30ರ ಆಸುಪಾಸು. ಈ ಒಂದು ಇಳಿಕೆಯೇ ಎರಡು ರೀತಿ ಉಲ್ಲೇಖಗೊಳ್ಳುತ್ತಿದೆ. ಮೂರನೇ ವಿಭಾಗದ ಮಾತು ಇಲ್ಲಿಗೂ ಸಲ್ಲುತ್ತದೆ. 2016ರಲ್ಲಿ ಶೇ 1 ನಷ್ಟದೊಡನೆ ಪಾರಾಗಿದ್ದ ಭಾಗ ಈ ದಕ್ಷಿಣವೇ.

12. ಅನುಬಂಧ: ಲಕ್ಷದ್ವೀಪ, 1998

ಬಿಳಿಚಿದ್ದನ್ನೂ ಸತ್ತದ್ದನ್ನೂ ಬೇರೆ ಬೇರೆ ಹೇಳುವ ಶಿಸ್ತು ನಮ್ಮ ಸಮೀಪದಲ್ಲೇ, ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯ 2000ದ ಸಂಪುಟದಲ್ಲಿ ರೋಹನ್ ಆರ್ಥರ್ ಬರೆದ ಲೇಖನದಲ್ಲಿ ಕಾಣುತ್ತದೆ. 1998ರ ಎಲ್ ನಿನೊ ಕಾಲದ ಅಂಕಿಗಳು ಹೀಗಿವೆ. ಲಕ್ಷದ್ವೀಪದ ಲಗೂನ್‌ಗಳಲ್ಲಿ ಹವಳದ ಹೊದಿಕೆಯ ಶೇ 82 ಬಿಳಿಚಿತ್ತು. ಬಿಳಿಚುವಿಕೆಯಿಂದಾದ ಸಾವು ಶೇ 26. ಮನ್ನಾರ್ ಕೊಲ್ಲಿಯಲ್ಲಿ 89 ಮತ್ತು 23. ಕಚ್ ಕೊಲ್ಲಿಯಲ್ಲಿ ಬಿಳಿಚಿದ್ದು 11, ಸಾವು ಕಾಣಲಿಲ್ಲ. (ಲಕ್ಷದ್ವೀಪದ ಅಮೀನ್‌ದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು, ಈ ಸಾಲುಗಳು ಕನ್ನಡ ಓದುಗರಿಗೆ ದೂರದ ಸುದ್ದಿಯಲ್ಲ.)

26ನ್ನು 82ರಿಂದ ಭಾಗಿಸಿ ‘ಬಿಳಿಚಿದ್ದರಲ್ಲಿ ಮೂರನೇ ಒಂದು ಪಾಲು ಸತ್ತಿತು’ ಎನ್ನಲು ಮನಸ್ಸಾಗುತ್ತದೆ. ಎರಡರ ಛೇದವೂ ಒಂದೇ ಎಂದು ಮೂಲದ ಕೋಷ್ಟಕಗಳಲ್ಲಿ ಖಚಿತಪಡಿಸಿಕೊಂಡ ಮೇಲಷ್ಟೇ ಹಾಗೆ ಭಾಗಿಸಬಹುದು. ಭಾಗಾಕಾರವಿಲ್ಲದೆಯೂ ಕಾಣುವಷ್ಟು ಇಲ್ಲಿದೆ: ಮನ್ನಾರ್‌ನಲ್ಲಿ ಬಿಳಿಚಿದ್ದು ಲಕ್ಷದ್ವೀಪಕ್ಕಿಂತ ಹೆಚ್ಚು, ಸತ್ತದ್ದು ಕಡಿಮೆ.